ಆಮೇಲೆ ಬರೋರ ಮೇಸ್ತ್ರಿ

ಲೋಕದ ಮಹಾ ಸೇನಾಧಿಪತಿಗಳು ಹಿಂದೆ ಸರಿಯುವಾಗ ಏನು ಮಾಡುತ್ತಾರೆ? ಸೇತುವೆ ಸುಡುತ್ತಾರೆ, ಬಾವಿಗೆ ಮಣ್ಣು ತುಂಬುತ್ತಾರೆ, ಕಣಜಕ್ಕೆ ಬೆಂಕಿ ಇಡುತ್ತಾರೆ. ಹಿಂದಿನಿಂದ ಬರುವವನಿಗೆ ಒಂದು ಗುಟುಕು ನೀರೂ ಸಿಗಬಾರದು, ಅದು ಯುದ್ಧನೀತಿ. ನಮ್ಮ ಲಾಂಡ್ರಿಯ ಬೆಳಗಿನ ಪಾಳಿಯ ಮೇಸ್ತ್ರಿಗೆ ಈ ನೀತಿಯನ್ನು ಯಾರೂ ಕಲಿಸಿರಲಿಲ್ಲ. ಅವರು ಸೇನಾಧಿಪತಿಯಾಗಿದ್ದರೆ ಸೇತುವೆಯನ್ನು ಗುಡಿಸಿ, ಬಾವಿಗೆ ಹೊಸ ಹಗ್ಗ ಕಟ್ಟಿ, ಕಣಜದ ಬೀಗದ ಕೈ ಯಾವ ಗೂಡಿನಲ್ಲಿದೆ ಎಂದು ಶತ್ರುವಿಗೆ ಹೇಳಿ ಕಳಿಸಿ, ಆಮೇಲೆ ಹಿಂದೆ ಸರಿಯುತ್ತಿದ್ದರು. ಇಂಥ ಯೋಧನನ್ನು ಯಾವ ರಾಜನೂ ಇಟ್ಟುಕೊಳ್ಳುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅವರು ಲಾಂಡ್ರಿಗೆ ಬಂದು ಸೇರಿದ್ದರು ಎಂದು ಹೇಳುವವರಿದ್ದರು.

ಅವರ ಈ ಗುಣಕ್ಕೆ ಗಡಿಯೇ ಇರಲಿಲ್ಲ. ಸ್ನಾನ ಮುಗಿಸಿದರೆ ಬಕೆಟ್ಟು ಮತ್ತೆ ತುಂಬಬೇಕು. ಕ್ಷೌರದ ಅಂಗಡಿಯಲ್ಲಿ ಎದ್ದು ನಿಂತರೆ ತಮ್ಮ ಕೂದಲನ್ನು ತಾವೇ ಕುರ್ಚಿಯಿಂದ ಕೊಡವಬೇಕು. ಬಸ್ಸಿನಿಂದ ಇಳಿಯುವ ಮೊದಲು ಕಿಟಕಿಯನ್ನು ಅರ್ಧಕ್ಕೆ ತಂದು ನಿಲ್ಲಿಸಬೇಕು. ಮುಂದೆ ಕೂರುವವರಿಗೆ ಗಾಳಿ ಬೇಕೋ ಬೇಡವೋ ಯಾರಿಗೆ ಗೊತ್ತು? ಯಾಕೆ ಎಂದು ಕೇಳಿದರೆ ಒಂದೇ ಉತ್ತರ: "ಆಮೇಲೆ ಬರೋರಿಗೆ ಬೇಕಲ್ಲ." ಹೀಗಾಗಿ ಅವರ ಹೆಸರು ಹೋಗಿ 'ಆಮೇಲೆ ಬರೋರ ಮೇಸ್ತ್ರಿ' ಎಂಬ ಬಿರುದು ಉಳಿಯಿತು. ಮದುವೆಯ ಹೊಸತರಲ್ಲಿ ಅವರ ಹೆಂಡತಿ ಆ ತುಂಬಿದ ಬಕೆಟ್ಟನ್ನು ಪ್ರೀತಿ ಎಂದುಕೊಂಡಿದ್ದರು. ಒಂದು ದಿನ ಹೋಟೆಲಿನ ಕೈತೊಳೆಯುವ ಜಾಗದಲ್ಲಿ ಗಂಡ ಮುಖಪರಿಚಯವಿಲ್ಲದ ದಪ್ಪ ಮನುಷ್ಯನೊಬ್ಬನಿಗೆ ಅಷ್ಟೇ ಅಕ್ಕರೆಯಿಂದ ಚೊಂಬು ತುಂಬಿಸಿ ಇಟ್ಟಿದ್ದನ್ನು ನೋಡಿದ ಮೇಲೆ ಆ ಆಸೆ ಬಿಟ್ಟರು.

ಲಾಂಡ್ರಿ ಎಂದರೆ ಬೀದಿ ತುದಿಯ ಇಸ್ತ್ರಿ ಅಂಗಡಿಯಲ್ಲ. ದೊಡ್ಡಾಸ್ಪತ್ರೆಯ ಬೆಡ್‌ಶೀಟುಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಒಂದು ತುದಿಯಲ್ಲಿ ಕೊಳೆಬಟ್ಟೆಯ ಕೋಣೆ, ಅಲ್ಲಿಂದ ಮುಂದೆ ಒಗೆಯುವ ಯಂತ್ರಗಳು, ಅದರಾಚೆ ಒಂದರ ಮೇಲೊಂದು ಉರುಳುವ ಎರಡು ಉದ್ದನೆಯ ರೋಲರುಗಳು. ಒದ್ದೆ ಬೆಡ್‌ಶೀಟಿನ ಎರಡು ಮೂಲೆ ಹಿಡಿದು ರೋಲರಿನ ಬಾಯಿಗೆ ಕೊಟ್ಟರೆ ಆ ಕಡೆಯಿಂದ ಕಾಗದದ ಹಾಗೆ ಒಣಗಿ, ಇಸ್ತ್ರಿಯಾಗಿ ಬರುತ್ತಿತ್ತು. ರೋಲರು ಕಾಯುವುದು ಹಬೆಯಿಂದ. ಹಬೆ ಬರುವುದು ಹಿತ್ತಲಿನ ಸೌದೆ ಬಾಯ್ಲರಿನಿಂದ. ಬಾಯ್ಲರಿನ ಎದೆಯ ಮೇಲೆ ತಟ್ಟೆಯಂಥ ಗಡಿಯಾರ, ಅದರಲ್ಲಿ ಒಂದು ಮುಳ್ಳು. ಮುಳ್ಳು ಮೇಲಿದ್ದರೆ ಹಬೆ ಇದೆ, ಕೆಳಗಿದ್ದರೆ ಇಲ್ಲ. ಆರಿದ ಬಾಯ್ಲರನ್ನು ಮತ್ತೆ ಹೊತ್ತಿಸಿ ಮುಳ್ಳು ಏರಿಸುವಷ್ಟರಲ್ಲಿ ಅರ್ಧ ಬೆಳಗ್ಗೆ ಕಳೆದುಹೋಗುತ್ತಿತ್ತು.

ಬೆಳಗಿನ ಪಾಳಿಗೆ ನಮ್ಮ ಮೇಸ್ತ್ರಿ. ಮಧ್ಯಾಹ್ನದ ಪಾಳಿಗೆ ಅವರ ಭಾಮೈದ, ಅಂದರೆ ಹೆಂಡತಿಯ ಸ್ವಂತ ತಮ್ಮ. ಲಾಂಡ್ರಿಯಲ್ಲಿ ಅವನನ್ನು ಪಟಾಕಿ ಎನ್ನುತ್ತಿದ್ದರು. ಗಂಟೆ ಹೊಡೆಯುವ ಸ್ವಲ್ಪ ಮೊದಲೇ ಮೇಸ್ತ್ರಿ ರೋಲರು ನಿಲ್ಲಿಸುತ್ತಿದ್ದರು. ಅಂಟಿದ ನೂಲಿನ ಜುಂಗು ಒರೆಸಿ, ಒದ್ದೆ ಬೆಡ್‌ಶೀಟುಗಳನ್ನು ಒದರಿ, ಮೂಲೆ ಬಿಡಿಸಿ ತಳ್ಳುಬಂಡಿಗೆ ತುಂಬಿಸಿ, ಬಾಯ್ಲರಿಗೆ ಸೌದೆ ಹಾಕಿ ಮುಳ್ಳು ಮೇಲೇರಿಸಿ ಹೋಗುತ್ತಿದ್ದರು. ಪಟಾಕಿ ಬಂದವನೇ ನೇರ ಕೆಲಸ ಶುರುಮಾಡುತ್ತಿದ್ದ. ಸಂಜೆ ಮನೆಗೆ ಹೋಗುವಾಗ ಅವನೂ ಬೂದಿ ಎಳೆದು, ಕೆಂಡ ಮುಚ್ಚಿ, ಬೆಳಗ್ಗೆಗೆ ಬೇಕಾದ ಸೌದೆ ಒಟ್ಟಿ ಹೋಗುತ್ತಿದ್ದ. ಇದಕ್ಕೆ ಸಹಕಾರ ಎಂಬ ಹೆಸರಿದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ನಾಚಿಕೊಳ್ಳುತ್ತಿದ್ದರೇನೋ.

ಮೇಸ್ತ್ರಿಯ ಬೆರಳ ತುದಿಗಳು ವರ್ಷಾನುಗಟ್ಟಲೆ ಬಿಸಿ ಬಟ್ಟೆ ಮುಟ್ಟಿ ಸ್ಪರ್ಶ ಕಳೆದುಕೊಂಡಿದ್ದವು. ಕುದಿಯುವ ಚಹಾದ ಲೋಟವನ್ನು ಬರಿಗೈಯಲ್ಲಿ ಹಿಡಿದು ಮಾತಾಡುತ್ತ ನಿಲ್ಲುತ್ತಿದ್ದರು. ಬೆರಳಿನದು ನಿಧಾನಕ್ಕೆ ತೋಳಿಗೆ ಏರಿ, ತೋಳಿನಿಂದ ಒಳಕ್ಕೆ ಇಳಿದಿದೆ ಎಂದು ಅವರ ಹೆಂಡತಿ ಹೇಳುತ್ತಿದ್ದರು. ಯಾರಾದರೂ ಸತ್ತ ಸುದ್ದಿ ಬಂದರೂ, ಯಾರಿಗಾದರೂ ಮಗು ಹುಟ್ಟಿದ ಸುದ್ದಿ ಬಂದರೂ ಮೇಸ್ತ್ರಿ "ಹೌದಾ" ಎನ್ನುತ್ತಿದ್ದರು. ಎರಡಕ್ಕೂ ಒಂದೇ ಹೌದಾ.

ಹೀಗಿರುವಾಗ ಹೊಸ ಮ್ಯಾನೇಜರು ಬಂದರು. ಕಾಲಿಗೆ ಯಾವಾಗಲೂ ಓಡುವ ಬೂಟು. ಕೂತಲ್ಲೂ ಹಿಮ್ಮಡಿ ಕುಣಿಸುತ್ತಿದ್ದ ಅವರಿಗೆ ಓಟದ ಸಾಹೇಬರು ಎಂದು ಮೊದಲ ವಾರದಲ್ಲೇ ನಾಮಕರಣವಾಯಿತು. ಎರಡನೆಯ ವಾರದಲ್ಲಿ ರೋಲರಿನ ಎದುರು ಗೋಡೆಗೆ ಒಂದು ಕಪ್ಪು ಹಲಗೆ ಬಂತು. ನಡುವೆ ಬಿಳಿ ಗೆರೆ. ಎಡಕ್ಕೆ ಬೆಳಗಿನ ತಂಡ, ಬಲಕ್ಕೆ ಮಧ್ಯಾಹ್ನದ ತಂಡ. ಇಸ್ತ್ರಿಯಾದ ಬೆಡ್‌ಶೀಟುಗಳ ಲೆಕ್ಕಕ್ಕೆ ಅವರವರ ಕಡೆ ಗೆರೆ ಹಾಕುವುದು. ಸಾಹೇಬರು ಎಲ್ಲರನ್ನೂ ಹಲಗೆಯ ಮುಂದೆ ನಿಲ್ಲಿಸಿಕೊಂಡರು.

"ನೋಡಿ, ಸ್ಪರ್ಧೆ ಇಲ್ಲದಿದ್ರೆ ಮನುಷ್ಯ ತುಕ್ಕು ಹಿಡೀತಾನೆ. ವರ್ಷದ ಕೊನೇಲಿ ಎರಡು ಶಿಫ್ಟಿಗೂ ಒಬ್ಬನೇ ಹೆಡ್ಡು. ಯಾರ ತಂಡ ಜಾಸ್ತಿ ಬೆಡ್‌ಶೀಟ್ ಇಸ್ತ್ರಿ ಮಾಡುತ್ತೋ ಅವರ ಮೇಸ್ತ್ರಿಗೆ ಆ ಜಾಗ. ಕ್ವಾರ್ಟರ್ಸೂ ಅವರಿಗೇ. ಇನ್ನೊಬ್ಬರು ಕೊಳೆಬಟ್ಟೆ ಕೋಣೆಗೆ."

ಕ್ವಾರ್ಟರ್ಸ್ ಎಂದರೆ ಬಾಯ್ಲರಿನ ಗೋಡೆಗೆ ಅಂಟಿಕೊಂಡ ಎರಡು ಕೋಣೆ. ಅದರಲ್ಲಿ ಇದ್ದದ್ದು ಮೇಸ್ತ್ರಿಯ ಸಂಸಾರ. ಮದುವೆಯಾಗಿ ಹೆಂಡತಿ ಕಾಲಿಟ್ಟದ್ದೂ ಅಲ್ಲಿಗೇ. ಮುಂದಿನ ಕೋಣೆಯ ಕಿಟಕಿಗೆ ಹೊಲಿಗೆ ಯಂತ್ರ ಹಾಕಿಕೊಂಡು ಆಸ್ಪತ್ರೆಯ ಹರಿದ ಬೆಡ್‌ಶೀಟುಗಳಿಗೆ ತೇಪೆ ಹಾಕುವುದು ಅವರ ಸಂಪಾದನೆ. ಚಳಿಗಾಲದಲ್ಲಿ ಗೋಡೆ ಬೆಚ್ಚಗಿರುತ್ತಿತ್ತು. ಅವರ ಮಂಡಿನೋವಿಗೆ ಅದೇ ಔಷಧಿ. ಮನೆ ಹೋದರೆ ಕಿಟಕಿ, ತೇಪೆಯ ಕೆಲಸ, ಬೆಚ್ಚನೆಯ ಗೋಡೆ ಎಲ್ಲವೂ ಹೋದಂತೆ.

ಮೇಸ್ತ್ರಿ ಮನೆಗೆ ಬಂದು ವಿಷಯ ಹೇಳಿದರು. ಹೆಂಡತಿ ಹೊಲಿಗೆ ಯಂತ್ರದ ಚಕ್ರಕ್ಕೆ ಕೈ ಅಡ್ಡ ಹಿಡಿದರು.

"ಅಂದ್ರೆ ನೀವು ಸೋತ್ರೆ ಮನೆ ನನ್ನ ತಮ್ಮನಿಗಾ?"

"ಹೂಂ."

"ನಿಮಗೇನೂ ಅನ್ಸಲ್ವಾ?"

ಮೇಸ್ತ್ರಿ ಯೋಚಿಸಿ ನೋಡಿದರು. ಏನಾದರೂ ಅನ್ನಿಸಬೇಕಿತ್ತು ಎಂಬುದು ಅವರಿಗೆ ಸ್ಪಷ್ಟವಾಗಿ ಗೊತ್ತಾಯಿತು. ಅಷ್ಟೇ, ಅದರಾಚೆ ಏನೂ ಸಿಗಲಿಲ್ಲ. "ಊಟಕ್ಕೆ ಹಾಕು" ಎಂದರು.

ಪಟಾಕಿಗೆ ಮಾತ್ರ ಬತ್ತಿ ಹತ್ತಿತು. ಅವನದು ಮಹಡಿಯ ಮೇಲಿನ ಒಂಟಿ ಬಾಡಿಗೆ ಕೋಣೆ, ನೀರು ಕೆಳಗಿನಿಂದ ಹೊರಬೇಕು, ಹೆಂಡತಿ ಬಸುರಿ. ಅವನು ಕೆಟ್ಟವನಲ್ಲ, ಅವಸರದವನು. ಹಲಗೆ ಬಂದ ಮರುದಿನದಿಂದಲೇ ಅವನ ತಂಡ ಕಡೆಯ ಗಳಿಗೆಯವರೆಗೂ ರೋಲರು ಓಡಿಸತೊಡಗಿತು. ಬೂದಿ ಎಳೆಯುವಷ್ಟು ಹೊತ್ತಿನಲ್ಲಿ ಇನ್ನಷ್ಟು ಬೆಡ್‌ಶೀಟು ಎಳೆಯಬಹುದಲ್ಲ? ಸೌದೆ ಒಟ್ಟಿದರೆ ಹಲಗೆಯ ಮೇಲೆ ಯಾರೂ ಗೆರೆ ಹಾಕುವುದಿಲ್ಲವಲ್ಲ? ಬೆಳಗ್ಗೆ ಮೇಸ್ತ್ರಿ ಬಂದು ನೋಡಿದರೆ ಬಾಯ್ಲರು ತಣ್ಣಗೆ ಹೆಣದಂತೆ ಮಲಗಿರುತ್ತಿತ್ತು. ಒಲೆಯ ಬಾಯಿ ಬೂದಿಯಿಂದ ಕಟ್ಟಿಕೊಂಡಿರುತ್ತಿತ್ತು.

ಮೇಸ್ತ್ರಿ ಮರುದಿನದಿಂದ ಇನ್ನೂ ಬೇಗ ಏಳತೊಡಗಿದರು. ಹೊಟ್ಟೆಗೆ ಏನೂ ಹಾಕಿಕೊಳ್ಳದೆ ಬಂದು, ಬೂದಿ ಎಳೆದು, ಬಾಯ್ಲರು ಹೊತ್ತಿಸಿ, ಮುಳ್ಳಿನ ಮುಂದೆ ಕೂತಿರುತ್ತಿದ್ದರು. ಆದರೂ ಅವರ ಪಾಳಿ ತಡವಾಗಿಯೇ ಶುರುವಾಗುತ್ತಿತ್ತು. ಇಷ್ಟಾಗಿ ಮಧ್ಯಾಹ್ನ ಎಂದಿನಂತೆ ಗಂಟೆಗೆ ಮೊದಲೇ ರೋಲರು ನಿಲ್ಲಿಸಿ, ಜುಂಗು ಒರೆಸಿ, ಬಂಡಿ ತುಂಬಿಸಿ, ಮುಳ್ಳು ಮೇಲೇರಿಸಿಟ್ಟು ಹೋಗುತ್ತಿದ್ದರು. ಅವರು ಒದರಿಟ್ಟ ಬೆಡ್‌ಶೀಟುಗಳೆಲ್ಲ ಬಲಗಡೆಯ ಲೆಕ್ಕಕ್ಕೆ ಏರುತ್ತಿದ್ದವು. ಚರಿತ್ರೆಯಲ್ಲಿ ಎರಡೂ ಸೈನ್ಯಗಳು ಒಬ್ಬನ ಪರವಾಗಿಯೇ ಹೋರಾಡಿದ ಯುದ್ಧ ಇದೊಂದೇ ಇರಬೇಕು.

ಬೆಳಗಿನ ತಂಡದಲ್ಲಿ ರೋಲರಿಗೆ ಬಟ್ಟೆ ಕೊಡುತ್ತಿದ್ದ ಗಟ್ಟಿ ಹೆಂಗಸೊಬ್ಬಳಿದ್ದಳು. ಎಲ್ಲರೂ ಅವಳನ್ನು ರೋಲರಕ್ಕ ಎನ್ನುತ್ತಿದ್ದರು. ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

"ಮೇಸ್ತ್ರಿ, ಒಂದ್ಮಾತು. ಒದರೋ ತೋಳು ನಮ್ದು, ಗೆರೆ ಅವರದ್ದು. ಇದ್ಯಾವ ನ್ಯಾಯ?"

"ಹಬೆ ಇಳಿದ್ರೆ ಮತ್ತೆ ಏರಿಸೋಕೆ ಹೊತ್ತಾಗುತ್ತಮ್ಮ."

"ಆಗಲಿ ಬಿಡಿ. ಅವರಿಗೆ ತಾನೆ ಆಗೋದು."

"ಬೆಡ್‌ಶೀಟ್ ಆಸ್ಪತ್ರೇದು."

"ಮನೆ ನಿಮ್ದು."

ಮೇಸ್ತ್ರಿ ಜುಂಗಿನ ಬಟ್ಟೆಯನ್ನು ಹಿಂಡಿ ಹರವಿದರು. ಹಲಗೆಯ ಕಡೆ ಒಮ್ಮೆ ನೋಡಿದರು, ಯಾರದೋ ಊರಿನ ಬಸ್ಸಿನ ವೇಳೆ ನೋಡುವ ಹಾಗೆ.

ವಾರದ ರಜೆಯ ದಿನ ಪಟಾಕಿ ಅಕ್ಕನ ಮನೆಗೆ ಊಟಕ್ಕೆ ಬರುವುದು ರೂಢಿ. ಯುದ್ಧ ಶುರುವಾದ ಮೇಲೂ ಬಂದ. ಹಸಿವಿಗೆ ಪಾಳಿಯಿಲ್ಲ. ಅಕ್ಕ ಬಾಗಿಲಲ್ಲೇ ಹಿಡಿದರು.

"ಬಾರೋ ತಮ್ಮ. ಊಟಕ್ಕೆ ಬಂದ್ಯೋ, ಮನೆ ಅಳತೆ ಮಾಡೋಕೆ ಬಂದ್ಯೋ?"

"ಏನಕ್ಕಾ ನೀನು, ಬಂದ ತಕ್ಷಣ."

"ಅಲ್ಲ, ಟೇಪು ಬೇಕಾದ್ರೆ ಹೊಲಿಗೆ ಪೆಟ್ಟಿಗೇಲಿದೆ, ತಗೋ. ಕಿಟಕಿಗೆ ಯಾವ ಬಣ್ಣ ಹೊಡಿಸ್ತೀಯ? ನೀಲಿ ಬೇಡ, ಬೇಗ ಮಾಸುತ್ತೆ."

ಪಟಾಕಿ ಭಾವನ ಮುಖ ನೋಡಿದ. ಭಾವ ತಟ್ಟೆಯ ಮುಂದೆ ಕೂತು ನೀರು ಕುಡಿಯುತ್ತಿದ್ದರು.

"ನೀವಾದ್ರೂ ಹೇಳಿ ಭಾವ. ಸಾಹೇಬ್ರು ಇಟ್ಟ ಪಂದ್ಯ ಇದು. ನಾನೇನು ಮೋಸ ಮಾಡ್ತಿದೀನಾ?"

"ಇಲ್ಲಪ್ಪ."

"ನೋಡಿದ್ಯಾ ಅಕ್ಕಾ? ಭಾವನಿಗೇ ಬೇಜಾರಿಲ್ಲ."

"ಅವರಿಗೆ ಬೇಜಾರಾಗ್ಬೇಕಾದ್ರೆ ಮೊದಲು ಅರ್ಜಿ ಕೊಡ್ಬೇಕು. ಅದು ಒಳಗೆ ಹೋಗಿ ಸಹಿಯಾಗಿ ಬರೋಷ್ಟರಲ್ಲಿ ನೀನು ಇಲ್ಲಿ ತೊಟ್ಟಿಲು ಕಟ್ಟಿರ್ತೀಯ" ಎಂದು ಅಕ್ಕ ಅವನ ತಟ್ಟೆಗೆ ಎಂದಿಗಿಂತ ಹೆಚ್ಚೇ ಬಡಿಸಿದರು. ಪಟಾಕಿ ತಲೆ ಬಗ್ಗಿಸಿ ಎಲ್ಲವನ್ನೂ ತಿಂದ. ಆಮೇಲೆ ಭಾವನ ಹತ್ತಿರ ಮಾತು ಕಡಿಮೆ ಮಾಡಿದ. ಪಾಳಿ ಬದಲಾಗುವಾಗ ಎದುರು ಸಿಗದಂತೆ ಹಿಂದಿನ ಬಾಗಿಲಿನಿಂದ ಬರತೊಡಗಿದ.

ತಿಂಗಳುಗಳು ಹೀಗೇ ಉರುಳಿದವು. ಬಿಳಿ ಬೆಡ್‌ಶೀಟು ಬಂದವು, ಹೋದವು. ಹಲಗೆಯ ಬಲಭಾಗ ಗೆರೆಗಳಿಂದ ಕಿಕ್ಕಿರಿಯಿತು. ಎಡಭಾಗದಲ್ಲಿ ಜೇಡ ಬಲೆ ಕಟ್ಟಲು ಸಾಕಷ್ಟು ಜಾಗವಿತ್ತು. ಮೊದಮೊದಲು ಸೋಲಿನ ಮಾತಾಡುತ್ತಿದ್ದ ಬೆಳಗಿನ ತಂಡ ಆಮೇಲೆ ಮಾತನ್ನೇ ಬಿಟ್ಟಿತು. ಗೆದ್ದ ತಂಡದವರಿಗೂ ಚಹಾ ಕುಡಿಯಲು ಪುರುಸೊತ್ತು ಇರಲಿಲ್ಲವಾದ್ದರಿಂದ ಗೆದ್ದ ಸಂತೋಷವನ್ನು ಯಾರಿಗೂ ಹೇಳಿಕೊಳ್ಳಲಾಗಲಿಲ್ಲ. ಸಾಹೇಬರು ಮಾತ್ರ ಹಲಗೆಯ ಮುಂದೆ ನಿಂತು ಹಿಮ್ಮಡಿ ಕುಣಿಸುತ್ತಿದ್ದರು.

ವರ್ಷ ಮುಗಿಯಲು ಇನ್ನು ಕೆಲವೇ ದಿನ ಇದ್ದಾಗ ಒಂದು ಮಧ್ಯಾಹ್ನ ವಿಚಿತ್ರ ನಡೆಯಿತು. ರೋಲರು ನಿಲ್ಲಿಸುವ ಹೊತ್ತಾದರೂ ಮೇಸ್ತ್ರಿ ನಿಲ್ಲಿಸಲು ಬರಲಿಲ್ಲ. ರೋಲರಕ್ಕ ತಿರುಗಿ ನೋಡಿದಳು. ಬಾಯ್ಲರಿನ ಹತ್ತಿರವೂ ಅವರಿಲ್ಲ. ಅವಳ ಮುಖ ಅರಳಿತು. ಕೊನೆಗೂ ನಮ್ಮ ದಂಡನಾಯಕರಿಗೆ ರೋಷ ಬಂತು, ಕಣಜಕ್ಕೆ ಬೆಂಕಿ ಇಡಲು ಬಾಯಲ್ಲಿ ಹೇಳಲಾರದೆ ಸುಮ್ಮನೆ ಜಾಗ ಬಿಟ್ಟುಕೊಟ್ಟಿದ್ದಾರೆ ಎಂದು ಅರ್ಥ ಮಾಡಿಕೊಂಡಳು. "ಹಾಕ್ರೇ, ಹಾಕ್ರೇ" ಎಂದು ಜೊತೆಯವರನ್ನು ಹುರಿದುಂಬಿಸಿ ಗಂಟೆ ಹೊಡೆಯುವವರೆಗೂ ಬೆಡ್‌ಶೀಟು ಎಳೆದಳು. ಬಾಯ್ಲರಿಗೆ ಯಾರೂ ಸೌದೆ ಹಾಕಲಿಲ್ಲ. ಮುಳ್ಳು ಇಳಿಯುತ್ತ ಬಂದು, ಕಡೆಯ ಬೆಡ್‌ಶೀಟು ಆಚೆ ಬೀಳುವ ಹೊತ್ತಿಗೆ ತಳ ಕಂಡಿತು. ತಂಡ ನಗುತ್ತ ಮನೆಗೆ ಹೋಯಿತು.

ಪಟಾಕಿ ಹಿಂದಿನ ಬಾಗಿಲಿನಿಂದ ಒಳಗೆ ಬಂದ. ಬಾಯ್ಲರಿನ ಪಕ್ಕದಿಂದಲೇ ನಡೆದು ಬಂದ. ಮುಳ್ಳಿನ ಕಡೆ ತಲೆ ಎತ್ತಲಿಲ್ಲ. ತಿಂಗಳುಗಟ್ಟಲೆ ಭಾವನನ್ನು ಸೋಲಿಸಲು ಬಡಿದಾಡಿದವನು ಒಂದು ದಿನವೂ ಆ ಮುಳ್ಳನ್ನು ನೋಡಿರಲಿಲ್ಲ. ಭಾವ ಇಟ್ಟುಹೋದ ಮೇಲೆ ನೋಡುವುದೇನು? ಅದು ಮೇಲೆಯೇ ಇರುತ್ತದೆ. ಸೂರ್ಯ ಎಲ್ಲಿದ್ದಾನೆಂದು ನೋಡಿ ಯಾರಾದರೂ ಚಪ್ಪಲಿ ಮೆಟ್ಟುತ್ತಾರೆಯೇ? "ನಡೀರಿ, ಶುರು ಹಚ್ಕೊಳ್ಳಿ" ಎಂದ. ತಂಡ ಓಡುವ ವೇಗದಲ್ಲಿ ಒದ್ದೆ ಬೆಡ್‌ಶೀಟುಗಳನ್ನು ಒಂದರ ಹಿಂದೊಂದು ರೋಲರಿಗೆ ಕೊಟ್ಟಿತು.

ತಣ್ಣನೆಯ ರೋಲರಿಗೆ ಒದ್ದೆ ಬಟ್ಟೆ ಕೊಟ್ಟರೆ ಅದು ಆ ಕಡೆ ಬರುವುದಿಲ್ಲ; ರೋಲರಿಗೇ ಅಂಟಿಕೊಂಡು ಸುತ್ತುತ್ತದೆ. ಮೊದಲನೆಯದು ಸುತ್ತಿತು. ಅದರ ಮೇಲೆ ಎರಡನೆಯದು, ಅದರ ಮೇಲೆ ಇನ್ನೊಂದು. ಯಾರೋ ಕೂಗುವಷ್ಟರಲ್ಲಿ ರೋಲರು ಗಾಯಕ್ಕೆ ಪಟ್ಟಿ ಕಟ್ಟಿಸಿಕೊಂಡ ಆನೆಯ ಕಾಲಿನಂತೆ ಊದಿಕೊಂಡಿತ್ತು. ಮೋಟಾರು ಮುಲುಗಿತು, ಬೆಲ್ಟು ಪಟ್ಟನೆ ಹರಿದು ಗೋಡೆಗೆ ಬಡಿಯಿತು. ಹಲಗೆ ಅಲುಗಾಡಿತು. ಆಮೇಲೆ ಲಾಂಡ್ರಿಯಲ್ಲಿ ಎಷ್ಟೋ ದಿನದಿಂದ ಕೇಳದಿದ್ದ ಮೌನ.

ಆಸ್ಪತ್ರೆಗೆ ಅಂದು ಸಂಜೆ ಒಂದು ಬೆಡ್‌ಶೀಟೂ ಹೋಗಲಿಲ್ಲ. ಆಪರೇಷನ್ನುಗಳನ್ನು ಮುಂದಕ್ಕೆ ಹಾಕಿದರಂತೆ.

ಸದ್ದು ಕೇಳಿ ಮೇಸ್ತ್ರಿ ಗೋಡೆಯಾಚೆಯ ತಮ್ಮ ಮನೆಯಿಂದ ಬಂದರು. ರೋಲರು ನೋಡಿದರು, ಭಾಮೈದನನ್ನು ನೋಡಿದರು. "ಕತ್ತರಿ ತಗೊಂಬಾ" ಎಂದರು. ಇಬ್ಬರೂ ಎದುರುಬದುರು ಕೂತು, ಸುತ್ತಿಕೊಂಡ ಬಟ್ಟೆಯನ್ನು ಪದರ ಪದರವಾಗಿ ಕತ್ತರಿಸಿ ಬಿಡಿಸಿದರು. ಒಬ್ಬರು ಎತ್ತಿ ಹಿಡಿಯುವುದು, ಇನ್ನೊಬ್ಬರು ಕತ್ತರಿಸುವುದು. ಅಷ್ಟು ಹೊತ್ತಿಗೆ ರೋಲರಕ್ಕನೂ ಸುದ್ದಿ ಕೇಳಿ ವಾಪಸ್ಸು ಓಡಿಬಂದು ಕಂಬದ ಪಕ್ಕ ನಿಂತಿದ್ದಳು.

ಓಟದ ಸಾಹೇಬರು ಬಂದರು. ಮೊದಲ ಬಾರಿಗೆ ಅವರ ಹಿಮ್ಮಡಿ ಕುಣಿಯುತ್ತಿರಲಿಲ್ಲ.

"ಯಾರು ಇದಕ್ಕೆ ಕಾರಣ? ಯಾರಾದ್ರೂ ಬೇಕಂತ ಹಬೆ ಖಾಲಿ ಮಾಡಿದ್ದಾ? ಇಲ್ಲ, ನೋಡದೆ ರೋಲರ್ ಹಾಕಿದ್ದಾ? ಒಬ್ಬರು ಹೇಳಿ. ಹೇಳಿದ ಮೇಲೆ ಹೆಡ್ಡು ಯಾರು ಅಂತ ಇವತ್ತೇ ತೀರ್ಮಾನ ಮಾಡಿಬಿಡ್ತೀನಿ."

ಪಟಾಕಿ ನೆಲ ನೋಡಿದ. ರೋಲರಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೇಸ್ತ್ರಿ ಭಾಮೈದನ ಕಡೆ ಬೆರಳು ತೋರಿಸಿದ್ದರೆ ಮನೆ ಉಳಿಯುತ್ತಿತ್ತು. ರೋಲರಕ್ಕನ ಕಡೆ ತೋರಿಸಿದ್ದರೆ ಮನೆ ಉಳಿಯದಿದ್ದರೂ ಮಾನ ಉಳಿಯುತ್ತಿತ್ತು. ಬಾಗಿಲಲ್ಲಿ ಹೆಂಡತಿ ಬೆರಳಿನಲ್ಲಿ ಸೂಜಿ ಹಿಡಿದುಕೊಂಡೇ ನಿಂತಿದ್ದರು. ಮೇಸ್ತ್ರಿ ಕತ್ತರಿಯನ್ನು ಮಡಚಿ ಕೆಳಗಿಟ್ಟರು.

"ನನ್ನ ಶಿಫ್ಟು ಸಾರ್. ಮುಳ್ಳು ನೋಡೋದು ನನ್ನ ಕೆಲಸ. ನೋಡಿಲ್ಲ."

ಆಮೇಲಿನದು ಬೇಗ ಮುಗಿಯಿತು. ಪಟಾಕಿ ಎರಡೂ ಪಾಳಿಗೆ ಹೆಡ್ಡಾದ. ಮೇಸ್ತ್ರಿ ಕೊಳೆಬಟ್ಟೆ ಕೋಣೆಗೆ ಹೋದರು. ರಕ್ತದ ಕಲೆಯದು ಒಂದು ಕಡೆ, ಔಷಧಿಯದು ಇನ್ನೊಂದು ಕಡೆ ಎಂದು ವಿಂಗಡಿಸುವ ಕೆಲಸ. ಎರಡು ಪಾಳಿಯೂ ತನ್ನವೇ ಆದ ಮೇಲೆ, ಬೂದಿ ಎಳೆಯದೆ ಹೋದರೆ ತನಗೇ ಏಟು ಎಂದು ಹೊಸ ಹೆಡ್ಡಿಗೆ ಮೂರೇ ದಿನದಲ್ಲಿ ತಿಳಿಯಿತು. ಹಲಗೆಯನ್ನು ಅವನು ತೆಗೆಸಲಿಲ್ಲ, ಆದರೆ ಅದರ ಮೇಲೆ ಒದ್ದೆ ಏಪ್ರನ್ನು ಒಣಹಾಕತೊಡಗಿದ. ಸಾಹೇಬರು ಬೇರೆ ಯಾವುದೋ ಕಾರ್ಖಾನೆಯನ್ನು ಓಡಿಸಲು ಹೋದರು.

ಆದರೆ ಮೇಸ್ತ್ರಿಯ ಆ ಒಂದು ಮಾತು ಲಾಂಡ್ರಿಯಲ್ಲಿ ಬೆಳೆಯುತ್ತ ಹೋಯಿತು. ನನ್ನನ್ನು ಕಾಪಾಡಲು ತಪ್ಪು ಹೊತ್ತುಕೊಂಡರು ಎಂದು ರೋಲರಕ್ಕ ಕಂಡವರಿಗೆಲ್ಲ ಹೇಳಿ ಕಣ್ಣೊರೆಸಿಕೊಂಡಳು. ಹುಟ್ಟಲಿರುವ ಮಗುವಿಗಾಗಿ ಮನೆ ಬಿಟ್ಟುಕೊಟ್ಟರು ಎಂದು ಪಟಾಕಿಯ ಹೆಂಡತಿ ಎರಡು ಬೀದಿಗೆ ಹೇಳಿದಳು. ಒಗೆಯುವವರು, ಮಡಚುವವರು, ಬಂಡಿ ತಳ್ಳುವವರು ಎಲ್ಲರೂ ತಮ್ಮ ತಮ್ಮ ಪಾಲಿನ ತ್ಯಾಗ ಸೇರಿಸಿದರು. ಗಡ್ಡ ಒಂದಿದ್ದಿದ್ದರೆ ಮೇಸ್ತ್ರಿಗೆ ಋಷಿಪಟ್ಟವೇ ಸಿಗುತ್ತಿತ್ತು. ಮೇಸ್ತ್ರಿ ಮಾತ್ರ ಕೊಳೆಬಟ್ಟೆಯ ರಾಶಿಯ ನಡುವೆ ನಿಂತು ವಿಂಗಡಿಸುತ್ತಿದ್ದರು.

ಮನೆ ಬದಲಿಸುವ ದಿನ ಬಂತು. ಅಕ್ಕನ ಸಾಮಾನು ಲಾಂಡ್ರಿಯ ತಳ್ಳುಬಂಡಿಯಲ್ಲಿ ಪಟಾಕಿಯ ಮಹಡಿ ಕೋಣೆಗೆ, ಪಟಾಕಿಯ ಸಾಮಾನು ಅದೇ ಬಂಡಿಯಲ್ಲಿ ಕ್ವಾರ್ಟರ್ಸಿಗೆ. ಹೊಲಿಗೆ ಯಂತ್ರ ಮಾತ್ರ ಅಲ್ಲೇ ಇರಲಿ, ಹಗಲು ಬಂದು ಹೊಲಿ ಎಂದು ಪಟಾಕಿ ಹೇಳಿದ್ದ. "ನನ್ನ ಮನೇಗೆ ನಾನೇ ಕೂಲಿಗೆ ಬರ್ಬೇಕು, ಒಳ್ಳೇ ಕಥೆ" ಎಂದು ಅಕ್ಕ ಗೊಣಗಿದರು, ಒಪ್ಪಿದರು ಕೂಡ. ಕೈಜೋಡಿಸಲು ರೋಲರಕ್ಕನೂ ಬೆಳಗಿನ ತಂಡದವರೂ ಬಂದಿದ್ದರು. ಕೊನೆಯ ಪೆಟ್ಟಿಗೆ ಬಂಡಿಗೆ ಏರಿದ ಮೇಲೆ ಪಟಾಕಿ ಭಾವನ ಎದುರು ಬಂದು ನಿಂತ.

"ಭಾವ, ಇವತ್ತಾದ್ರೂ ನಿಜ ಹೇಳಿ. ನನ್ನ ಹೆಸರು ಹೇಳಿದ್ದಿದ್ರೆ ಮನೆ ನಿಮ್ದೇ ಆಗ್ತಿತ್ತು. ಯಾರಿಗೋಸ್ಕರ ನಿಮ್ಮ ಮೇಲೆ ಹಾಕ್ಕೊಂಡ್ರಿ?"

ಎಲ್ಲರೂ ಕೆಲಸ ನಿಲ್ಲಿಸಿದರು. ರೋಲರಕ್ಕನ ಸೆರಗು ಆಗಲೇ ಕಣ್ಣಿಗೆ ಹೋಗಿತ್ತು. ಹೆಂಡತಿಯೂ ಗಂಡನ ಮುಖವನ್ನೇ ನೋಡಿದರು.

"ಯಾರಿಗೋಸ್ಕರಾನೂ ಇಲ್ಲಪ್ಪ" ಎಂದರು ಮೇಸ್ತ್ರಿ. "ಅವತ್ತೇ ಹೇಳಿದ್ನಲ್ಲ, ಮುಳ್ಳು ನೋಡಿಲ್ಲ ಅಂತ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ತುಂಬ ಹಸಿವಾಗಿತ್ತು. ಊಟಕ್ಕೆ ಹೋಗ್ಬಿಟ್ಟೆ."